ಪಟಾಲಮ್ಮನ ಪೂಜಾರಮ್ಮ

ಬಾಣಸವಾಡಿ
೧೨ ಫೆಬ್ರವರಿ ೧೯೯೭

ಪ್ರೀತಿಯ ಅಕ್ಕನಿಗೆ ಕಾವೇರಿ ಮಾಡುವ ನಮಸ್ಕಾರ.

ಅಮ್ಮ, ನಾನು ಇಬ್ಬರೂ ಆರೋಗ್ಯ. ಭಾವನಿಗೆ ವಾಡಿಯಿಂದ ಈ ಕಡೆಗೆ ವರ್ಗವಾಗುವ ಸುದ್ದಿ ಏನಾದರೂ ಇದೆಯೇ? ದತ್ತು ಡಿಪ್ಲೊಮಾ ಪರೀಕ್ಷೆಗೆ ಮತ್ತೆ ಕಟ್ಟಿದನೇ?

ನಮ್ಮ ಪಟಾಲಮ್ಮನಿಗೆ ಹೊಸ ಗುಡಿ ಕಟ್ಟುತ್ತಾರಂತೆ. ಹೋದ ಭಾನುವಾರ ಕಂಟ್ರಾಕ್ಟರ್ ಅಮರಪ್ಪನವರು ಮನೆಗೇ ಬಂದಿದ್ದರು. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಈಗ ಕಲ್ಯಾಣ ನಗರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡಿದ್ದಾರಲ್ಲ, ಅವರೇ. ಕುರ್ಚಿ ಹಾಕಿದರೂ ಕೂರದೆ, ಅಮ್ಮನ ಎದುರಿಗೆ ಚಾಪೆಯ ಮೇಲೆ ಕುಳಿತರು.

“ಅಮ್ಮಾರೆ, ನಾ ಈ ಊರಿಗಿ ಬಂದಾಗ ಮಲಗಾಕ ಜಾಗ ಇರ್ಲಿಲ್ರೀ. ನಿಮ್ಮ ಗುಡಿ ಕಟ್ಟಿ ಮ್ಯಾಲ ಮಲಗಿದ್ದೆ. ನೀವು ತಾಯಿಗೆ ಇಟ್ಟ ಅನ್ನ ನಂಗ ಕೊಟ್ರಿ. ಈಗ ತಾಯಿಗೆ ನಾ ಮನಿ ಕಟ್ಟಿಸ್ತೀನಿ” ಎಂದರು. ಹೇಳುತ್ತಾ ಅವರ ಕಣ್ಣಲ್ಲಿ ನೀರು ಬಂತು. ಅಮ್ಮನೂ ಅತ್ತಳು.

“ಅವಳ ಕಲ್ಲು ಅದೇ ಇರ್ತದೆ ತಾನೇ?” ಎಂದು ಮಾತ್ರ ಅಮ್ಮ ಕೇಳಿದಳು.

“ಅದಕ್ಕ ಯಾರೂ ಕೈ ಹಚ್ಚಂಗಿಲ್ರೀ.”

ಸುತ್ತಮುತ್ತಲಿನ ಲೇಔಟಿನವರೆಲ್ಲ ಸೇರಿ ಕಮಿಟಿ ಮಾಡಿದ್ದಾರೆ, ಅಮರಪ್ಪನವರೇ ಅಧ್ಯಕ್ಷರು. ಕಲ್ಲಿನ ಗೋಪುರ ಬರುತ್ತದಂತೆ. ಅಮ್ಮನಿಗೆ ಈಗಲೇ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಿನ್ನೆ ಬೆಳಿಗ್ಗೆ ಪೂಜೆ ಮಾಡುವಾಗ ಹೊರಗೆ ಕೂತು ಕೇಳಿಸಿಕೊಂಡೆ. ಪಟಾಲಮ್ಮನಿಗೆ ನೀರು ಹಾಕಿ ಒರೆಸುತ್ತಾ, “ನಿಂಗೂ ಒಳ್ಳೆ ಕಾಲ ಬಂತು ಕಣವ್ವ. ಇನ್ನು ಮಳೇಲಿ ನೆನೆಯಂಗಿಲ್ಲ” ಎಂದು ಮಾತಾಡಿಸುತ್ತಿದ್ದಳು.

ಪ್ರತಿಷ್ಠಾಪನೆಗೆ ನೀವೆಲ್ಲ ಬರಲೇಬೇಕು ಎಂದು ಅಮ್ಮ ಬರೆಸುತ್ತಿದ್ದಾಳೆ.

ನಿನ್ನ ತಂಗಿ
ಕಾವೇರಿ


ರೈಲ್ವೆ ಕ್ವಾರ್ಟರ್ಸ್, ವಾಡಿ
೨ ಮಾರ್ಚ್ ೧೯೯೭

ಚಿ. ಕಾವೇರಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಎಷ್ಟು ಸಂತೋಷವಾಯಿತೆಂದರೆ, ಅಕ್ಕಪಕ್ಕದ ಕ್ವಾರ್ಟರ್ಸಿನವರಿಗೆಲ್ಲ ಹೇಳಿಕೊಂಡು ಬಂದೆ. ತವರಿನಲ್ಲಿ ಗುಡಿ ಇದೆ ಎಂದಾಗ ಇವರೆಲ್ಲ ಎಂಥ ಗುಡಿ ಎಂದು ಕೇಳುತ್ತಿದ್ದರು. ಹೊಂಗೆ ಮರದ ಕೆಳಗೆ ಒಂದು ಹೆಂಚಿನ ಗೂಡು ಎನ್ನಲು ಬಾಯಿ ಬರುತ್ತಿರಲಿಲ್ಲ. ಇನ್ನು ಮೇಲೆ ಗೋಪುರದ ಗುಡಿ ಎನ್ನಬಹುದು.

ಅಮ್ಮ ಪುಣ್ಯವಂತೆ. ಅಜ್ಜಿಯ ಕೈಯಿಂದ ಪೂಜೆ ಅವಳ ಕೈಗೆ ಬಂದಾಗ ನಾನು ಲಂಗ ಹಾಕುತ್ತಿದ್ದ ಹುಡುಗಿ. ಅಪ್ಪ ಹೋದ ವರ್ಷವೂ ಅವಳು ಪೂಜೆ ಬಿಡಲಿಲ್ಲ. ಗಂಡನಿಲ್ಲದವಳು ದೇವರನ್ನು ಮುಟ್ಟಬಹುದೇ ಎಂದು ಯಾರೋ ಕೇಳಿದ್ದಕ್ಕೆ, “ಪಟಾಲಮ್ಮನಿಗೆಲ್ಲಿದ್ದಾನೆ ಗಂಡ?” ಎಂದು ಬಾಯಿ ಮುಚ್ಚಿಸಿದ್ದಳಲ್ಲ. ಅವಳ ಸೇವೆಗೆ ಈಗ ಫಲ ಬಂತು.

ದತ್ತು ಮತ್ತೆ ಎರಡು ಪೇಪರಿನಲ್ಲಿ ಉಳಿದಿದ್ದಾನೆ. ದಿನವಿಡೀ ಸ್ಟೇಷನ್ನಿನಲ್ಲಿ ಕೂತು ಬರುತ್ತಾನೆ. ನಿನ್ನ ಭಾವ ಮಾತು ಬಿಟ್ಟಿದ್ದಾರೆ. ಗಾಣಗಾಪುರಕ್ಕೆ ಹರಕೆ ಹೊತ್ತು ಹೆತ್ತ ಮಗ, ಅವನಿಗೊಂದು ದಾರಿಯಾದರೆ ಸಾಕು.

ರೇವತಿ


ಬಾಣಸವಾಡಿ
೨೦ ನವೆಂಬರ್ ೧೯೯೭

ಅಕ್ಕನಿಗೆ ನಮಸ್ಕಾರ.

ಪ್ರತಿಷ್ಠಾಪನೆಗೆ ನೀವು ಬರಲಾಗದಿದ್ದದ್ದೇ ಒಳ್ಳೆಯದಾಯಿತು ಎನಿಸುತ್ತಿದೆ.

ಅಮ್ಮ ನೀನು ಕಳಿಸಿದ ಹಸಿರು ಸೀರೆ ಉಟ್ಟು, ಕತ್ತಲಿರುವಾಗಲೇ ರಸೆಲ್ ಮಾರುಕಟ್ಟೆಗೆ ಹೋಗಿ ಪರ್ವೀನ್ ಅಂಗಡಿಯಿಂದ ಬುಟ್ಟಿ ತುಂಬ ಸೇವಂತಿಗೆ ತಂದಿದ್ದಳು. ಹೋಮ ನಡೆದಷ್ಟು ಹೊತ್ತೂ ಹಗ್ಗದ ಈಚೆ ನಿಲ್ಲಿಸಿದರು. ಜನ ಜಾಸ್ತಿ, ಅದಕ್ಕೇ ಇರಬೇಕು ಎಂದುಕೊಂಡೆವು. ಸಂಜೆ ದೀಪ ಹಚ್ಚಲು ಹೋದರೆ ಹೊಸ ಅರ್ಚಕರು ಬಾಗಿಲಲ್ಲಿ ನಿಂತು ಕೈ ಚಾಚಿದರು. ಇನ್ನೂ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಒರಟಿಲ್ಲ.

“ಎಣ್ಣೆ ಇಲ್ಲೇ ಕೊಡೀಮ್ಮ. ಗರ್ಭಗುಡಿ ಒಳಗೆ ಬರೋ ಹಾಗಿಲ್ಲ.”

ಅಮ್ಮ ನಕ್ಕಳು. ಯಾರೋ ಹೊಸಬರು, ತನ್ನ ಗುರುತಿಲ್ಲ ಎಂದುಕೊಂಡಳು. “ನಾನು ಪೂಜಾರಮ್ಮ ಕಣಪ್ಪ, ಮುನಿವೆಂಕಟಮ್ಮ” ಎಂದಳು.

“ಗೊತ್ತಮ್ಮ. ಆದರೆ ಈಗ ಶಾಸ್ತ್ರೋಕ್ತವಾಗಿ ಪ್ರತಿಷ್ಠೆ ಆಗಿದೆ. ಇನ್ನು ಮೇಲೆ ಹೆಂಗಸರು ಮುಟ್ಟೋ ಹಾಗಿಲ್ಲ.”

“ನಂಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತಲ್ಲ ಸ್ವಾಮಿ.”

“ಅದಕ್ಕಲ್ಲಮ್ಮ. ಹೆಂಗಸರಿಗೇ ಇಲ್ಲ. ನೀವೂ ತಿಂಗಳಲ್ಲಿ ನಾಲ್ಕು ದಿನ ಹೊರಗಿದ್ದು, ಪಕ್ಕದ ಮನೆ ಶೇಷಮ್ಮನ ಕೈಲಿ ಪೂಜೆ ಮಾಡಿಸ್ತಿದ್ರಂತೆ. ಅಂದ್ರೆ ನಿಯಮ ಅಂತ ಒಂದಿದೆ ಅಂತ ನೀವೇ ಒಪ್ಪಿದ್ರಿ ಅಲ್ವಾ?”

ಅಮ್ಮ ಎಣ್ಣೆ ಬಟ್ಟಲು ಹಿಡಿದುಕೊಂಡೇ ಮನೆಗೆ ಬಂದಳು. ನಾನು ಅಮರಪ್ಪನವರ ಮನೆಗೆ ಹೋದೆ. ಅವರೂ ಪೇಚಾಡಿಕೊಂಡರು. “ನಂಗೂ ಗೊತ್ತಿರ್ಲಿಲ್ರೀ ತಂಗಿ. ದೊಡ್ಡ ಗುಡಿ ಆದ ಮ್ಯಾಲ ಪದ್ಧತಿ ಪ್ರಕಾರ ನಡೀಬೇಕಂತ ಎಲ್ಲಾರೂ ಅಂತಾರ. ಅಮ್ಮಾರು ಹೊರಗ ಕುರ್ಚಿ ಹಾಕ್ಕೊಂಡು ಕೂಡ್ಲಿ, ಮೊದಲ ಮಂಗಳಾರತಿ ಅವ್ರಿಗೇ” ಎಂದರು.

ಅಮ್ಮ ಕುರ್ಚಿ ಬೇಡವೆಂದಿದ್ದಾಳೆ. ಅವಳ ಹೆಸರಿನಲ್ಲಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸಿದ್ದೇನೆ. ಬ್ಲೌಸ್ ಹೊಲಿಯುವ ಕೆಲಸ ಬಿಟ್ಟು ಓಡಾಡುವುದು ಕಷ್ಟ, ಆದರೂ ಓಡಾಡುತ್ತೇನೆ.

ಕಾವೇರಿ


ವಾಡಿ
೧೫ ಡಿಸೆಂಬರ್ ೧೯೯೭

ಚಿ. ಕಾವೇರಿಗೆ ಆಶೀರ್ವಾದಗಳು.

ಕಾಗದ ತಲುಪಿತು. ನನಗೂ ಬೇಜಾರಾಯಿತು. ಆದರೆ ಸ್ವಲ್ಪ ಯೋಚನೆ ಮಾಡು. ಅಮ್ಮನಿಗೆ ಮಂಡಿ ನೋವು. ಎಷ್ಟು ದಿನ ಅಂತ ಕತ್ತಲಲ್ಲಿ ಎದ್ದು ತಣ್ಣೀರು ಹೊರುತ್ತಾಳೆ? ಇದೊಂದು ವಿಶ್ರಾಂತಿ ಎಂದುಕೊಳ್ಳಬಾರದೇ? ಮೊದಲ ಮಂಗಳಾರತಿ ಕೊಡುತ್ತೇವೆ ಎನ್ನುವುದು ಕಡಿಮೆ ಮರ್ಯಾದೆಯೇ?

ಇಲ್ಲಿ ನಾವೆಲ್ಲ ಹೊರಗೇ ನಿಂತು ಕೈಮುಗಿದು ಬರುತ್ತೇವೆ. ಒಳಗೆ ಹೋಗಬೇಕೆಂದು ಯಾವತ್ತೂ ಯಾರಿಗೂ ಅನಿಸಿಲ್ಲ. ನೀನು ಅರ್ಜಿ ಗಿರ್ಜಿ ಎಂದು ಊರವರನ್ನು ಎದುರು ಹಾಕಿಕೊಂಡರೆ ನಾಳೆ ನಿನಗೆ ಬ್ಲೌಸ್ ಹೊಲಿಯಲು ಯಾರು ಕೊಡುತ್ತಾರೆ? ಗಂಡ ಬಿಟ್ಟು ಹೋದವಳೆಂದು ಈಗಲೇ ಮಾತಾಡುತ್ತಾರೆ.

ಅಮ್ಮನನ್ನು ಒಂದು ತಿಂಗಳು ಇಲ್ಲಿಗೆ ಕಳಿಸು. ಜಾಗ ಬದಲಾದರೆ ಮರೆಯುತ್ತಾಳೆ.

ರೇವತಿ


ಬಾಣಸವಾಡಿ
೧೮ ಜೂನ್ ೧೯೯೮

ಅಕ್ಕನಿಗೆ,

ಏಳು ತಿಂಗಳಿಂದ ಬರೆದಿಲ್ಲ. ಬರೆಯಲು ಒಳ್ಳೆಯ ಸುದ್ದಿ ಇರಲಿಲ್ಲ. ನೀನು ಕಳಿಸಿದ ಎರಡು ಕಾರ್ಡುಗಳೂ ಬಂದವು. ಅಮ್ಮ ಆರಾಮಾಗಿದ್ದಾಳೆ ಎಂದು ಎಸ್‌ಟಿಡಿ ಬೂತಿನಿಂದ ನಾನು ಹೇಳಿದ್ದು ಸುಳ್ಳು.

ಪೂಜೆ ನಿಂತ ಮೇಲೆ ಅಮ್ಮ ಮಾರುಕಟ್ಟೆಗೆ ಹೋಗುವುದನ್ನೂ ಬಿಟ್ಟಳು. ಯಾಕೆ ಬರುತ್ತಿಲ್ಲವೆಂದು ನೋಡಲು ಪರ್ವೀನ್ ಶಿವಾಜಿನಗರದಿಂದ ಬಸ್ಸು ಹತ್ತಿ ಬಂದಳು. ವಿಷಯ ಕೇಳಿ ಅಮ್ಮನ ಕೈ ಹಿಡಿದುಕೊಂಡು, “ನಮ್ದೂ ಹಂಗೇ ಅಮ್ಮಾ. ದರ್ಗಾದಲ್ಲಿ ಸಮಾಧಿ ಹತ್ರ ಹೆಂಗಸ್ರಿಗೆ ಬಿಡಲ್ಲ. ಜಾಲಿ ಕಿಟಕಿ ಹಿಡ್ಕೊಂಡು ಆಚೆಯಿಂದಾನೇ ಅಳೋದು” ಎಂದಳು.

“ನಿನ್ನ ಒಳಗಿಂದ ಹೊರಗೆ ಕಳುಸುದ್ರಾ?” ಎಂದು ಅಮ್ಮ ಕೇಳಿದಳು.

“ಇಲ್ಲಮ್ಮಾ. ನಾನು ಒಳಗೆ ಹೋಗೇ ಇಲ್ವಲ್ಲ.”

“ನಾನು ಒಳಗಿದ್ದೆ ಕಣಮ್ಮ” ಎಂದಳು ಅಮ್ಮ. ಪರ್ವೀನ್ ತಂದಿದ್ದ ಮಲ್ಲಿಗೆಯನ್ನು ನನ್ನ ಕೈಗೆ ಕೊಟ್ಟು ಹೋದಳು.

ಅದಾದ ಮುಂದಿನ ಶುಕ್ರವಾರ ಅಮ್ಮ ತಲೆಗೆ ನೀರು ಹಾಕಿಕೊಂಡು ಗುಡಿಗೆ ಹೋದಳು. ದರ್ಶನಕ್ಕೆ ಸಾಲು ನಿಂತಿತ್ತು. ನಾನೂ ಜೊತೆಗಿದ್ದೆ. ತೀರ್ಥ ತೆಗೆದುಕೊಳ್ಳುತ್ತಾಳೆ ಎಂದುಕೊಂಡರೆ, ಅಡ್ಡ ಕಟ್ಟಿದ್ದ ಸರಪಳಿಯ ಕೆಳಗೆ ಬಗ್ಗಿ ಸೀದಾ ಒಳಗೆ ಹೋಗಿಬಿಟ್ಟಳು. ಅರ್ಚಕರು ಮುಟ್ಟಬಾರದೆಂದು ಗೋಡೆಗೆ ಒತ್ತಿಕೊಂಡು ನಿಂತರು. ಅಮ್ಮ ಯಾರನ್ನೂ ಬೈಯಲಿಲ್ಲ. ಪಟಾಲಮ್ಮನ ತಲೆಯ ಮೇಲೆ ಬಾಡಿದ್ದ ಹೂವು ತೆಗೆದಳು. ಜಾರಿದ್ದ ಸೆರಗನ್ನು ಸರಿಮಾಡಿದಳು. ಅವಳ ಗಲ್ಲ ಒರೆಸಿದಳು. ಅಷ್ಟೇ ಅಕ್ಕ ಅವಳು ಮಾಡಿದ್ದು.

ಸಾಲಿನಲ್ಲಿ ಬಹಳ ಮಂದಿ ಹೆಂಗಸರೇ. ಒಬ್ಬರಾದರೂ ಸುಮ್ಮನಿರಿ ಎನ್ನುತ್ತಾರೆಂದು ಕಾದೆ. ಮೊದಲು ಕೂಗಿದವಳು ಶೇಷಮ್ಮ. “ಏ ಮುನಿವೆಂಕಟಮ್ಮ, ಆಚೆ ಬಾರೆ! ಊರಿಗೇ ಕೇಡು ತರ್ತೀಯ ನೀನು!” ಎಂದಳು. ಅಮ್ಮ ತಿರುಗಿ ಅವಳನ್ನು ನೋಡಿದಳು. ಬಾಡಿದ ಹೂವನ್ನು ಮಡಿಲಲ್ಲಿ ಹಾಕಿಕೊಂಡು ತಾನೇ ಹೊರಗೆ ಬಂದಳು.

ಮಧ್ಯಾಹ್ನಕ್ಕೆ ಗುಡಿ ಬಾಗಿಲು ಹಾಕಿ ಹಲಗೆ ತೂಗುಹಾಕಿದರು. ಶುದ್ಧೀಕರಣದ ಪ್ರಯುಕ್ತ ದರ್ಶನ ಇರುವುದಿಲ್ಲ ಎಂದು. ದಾರಿಯಲ್ಲಿ ಅಮ್ಮ, “ಏನಂತ ಬರ್ದವ್ರೆ?” ಎಂದು ಕೇಳಿದಳು. ಸುಣ್ಣ ಹೊಡೆಯುತ್ತಾರಂತೆ ಎಂದೆ. ಅವತ್ತು ನಂಬಿದಳು. ಮಾರನೆಯ ದಿನ ನಲ್ಲಿಯ ಹತ್ತಿರ ಯಾರೋ ಹೇಳಿದ್ದಾರೆ. ಖಾಲಿ ಬಿಂದಿಗೆ ಹಿಡಿದು ಬಂದು ಹೊಲಿಗೆ ಯಂತ್ರದ ಮುಂದೆ ನಿಂತಳು.

“ನಾನು ಹೋಗಿದ್ದಕ್ಕಾ ತೊಳುದ್ರು?”

ನಾನು ಬಗ್ಗಿ ಸೂಜಿಗೆ ದಾರ ಪೋಣಿಸತೊಡಗಿದೆ.

“ಗಂಜಲ ಹಾಕಿ ತೊಳುದ್ರಾ?”

ಅವತ್ತು ಬಿದ್ದವಳು. ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿಟ್ಟು ಮನೆಗೆ ಕರೆತಂದಿದ್ದೇನೆ. ಮಾತು ಇದೆ, ಆದರೆ ಕಡಿಮೆ. ಅರ್ಜಿಯ ವಿಚಾರಣೆ ಇನ್ನೂ ನಡೆಯುತ್ತಿದೆ. ತಾಲ್ಲೂಕು ಕಚೇರಿಯ ಸಾಹೇಬರು ಒಮ್ಮೆ ಬಂದು ನೋಡಿ, ತಲೆಮಾರಿನಿಂದ ಹೆಂಗಸರೇ ಪೂಜೆ ಮಾಡಿದ್ದು ನಿಜ ಎಂದು ಬರೆದುಕೊಂಡು ಹೋಗಿದ್ದಾರೆ. ನನಗಿರುವುದು ಅದೊಂದೇ ಆಸೆ.

ಕಾವೇರಿ


ವಾಡಿ
೯ ಸೆಪ್ಟೆಂಬರ್ ೧೯೯೮

ಚಿ. ಕಾವೇರಿಗೆ,

ಅಮ್ಮನನ್ನು ನೋಡಿಕೊಂಡು ಬಂದಾಗಿನಿಂದ ಊಟ ಸೇರುತ್ತಿಲ್ಲ. ನೀನು ಒಬ್ಬಳೇ ಎಲ್ಲ ಮಾಡುತ್ತಿದ್ದೀಯ. ನಾನು ಇಷ್ಟು ದೂರದಲ್ಲಿದ್ದೇನೆ.

ಅಮರಪ್ಪನವರು ಗುಲ್ಬರ್ಗಕ್ಕೆ ಮದುವೆಗೆ ಬಂದವರು ನಮ್ಮಲ್ಲಿಗೂ ಬಂದಿದ್ದರು. ಅಮ್ಮನ ಹೆಸರೆತ್ತಿ ತುಂಬ ನೊಂದುಕೊಂಡರು. ನೀನು ಅಂದುಕೊಂಡಷ್ಟು ಕೆಟ್ಟವರಲ್ಲ. ದತ್ತುವನ್ನು ಕೂರಿಸಿಕೊಂಡು ಮಾತಾಡಿಸಿದರು. ಎಲ್ಲ ಒಂದು ದಾರಿಗೆ ಬರುತ್ತದೆ, ನೀನು ಧೈರ್ಯವಾಗಿರು. ಹೆಚ್ಚಿಗೆ ಬರೆಯಲು ತೋಚುತ್ತಿಲ್ಲ.

ರೇವತಿ


ಬಾಣಸವಾಡಿ
೪ ಜನವರಿ ೧೯೯೯

ರೇವತಕ್ಕ,

ಇವತ್ತು ತಾಲ್ಲೂಕು ಕಚೇರಿಗೆ ಹೋಗಿದ್ದೆ. ಅರ್ಜಿ ಮುಗಿಸಿದ್ದಾರೆ. ಯಾಕೆಂದು ಕೇಳಿದರೆ ಗುಮಾಸ್ತರು ನನ್ನನ್ನೇ ವಿಚಿತ್ರವಾಗಿ ನೋಡಿದರು.

“ಇನ್ನೇನಮ್ಮ ತಕರಾರು? ನಿಮ್ಮ ಮನೆಯವ್ರಿಗೇ ಪೂಜೆ ಕೊಟ್ಟಾಯ್ತಲ್ಲ. ಗಂಡು ಮೊಮ್ಮಗ ಇದ್ದಾನೆ, ಅವನು ಮಾಡ್ತಾನೆ ಅಂತ ನಿಮ್ಮಕ್ಕ ಬಂದು ಸಹಿ ಹಾಕಿ ಹೋದ್ರು. ಖುಷಿ ಪಡಿ.”

ನೀನು ಬೆಂಗಳೂರಿಗೆ ಬಂದಿದ್ದೆ. ಬಾಣಸವಾಡಿ ಸ್ಟೇಷನ್ನಿನಿಂದ ನಮ್ಮ ಮನೆಗೆ ಎಷ್ಟು ದೂರ? ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗಿರುತ್ತಾಳೆ. ಅವಳಿಗೆ ಮುಖ ತೋರಿಸದೆ ಹೋದೆಯಲ್ಲ.

ಹೆಂಗಸರು ಪೂಜೆ ಮಾಡಬಹುದೋ ಇಲ್ಲವೋ ಎನ್ನುವುದು ನಾವು ಕೇಳಿದ್ದ ಪ್ರಶ್ನೆ. ನಿನ್ನ ಸಹಿಯಿಂದ ಆ ಪ್ರಶ್ನೆಯೇ ಇಲ್ಲವಾಯಿತು. ಅಮ್ಮನಿಗೆ ಏನೆಂದು ಹೇಳಲಿ? ನೀನೇ ತಿಳಿಸು.

ಕಾವೇರಿ


ವಾಡಿ
೧೯ ಜನವರಿ ೧೯೯೯

ಕಾವೇರಿ,

ನನ್ನ ಮೇಲೆ ಇಷ್ಟು ಕೋಪ ಬೇಡ. ಅರ್ಜಿ ಗೆಲ್ಲುತ್ತಿತ್ತು ಎಂದು ನೀನು ನಂಬಿದ್ದೀಯ. ಅಮರಪ್ಪನವರು ಹೇಳಿದರು, ನೀನು ಗೆದ್ದರೂ ಅವರು ಮೇಲಿನ ಕೋರ್ಟಿಗೆ ಹೋಗುತ್ತಾರೆ, ಅಷ್ಟರಲ್ಲಿ ಅಮ್ಮ ಇರುವುದಿಲ್ಲ ಎಂದು. ಆಗ ಪೂಜೆ ಪೂರ್ತಿ ಹೊರಗಿನವರ ಪಾಲಾಗುತ್ತದೆ. ನಮ್ಮ ರಕ್ತ ಒಳಗಿದ್ದರೆ ಅಮ್ಮ ಇದ್ದ ಹಾಗೆಯೇ ಅಲ್ಲವೇ? ಅಜ್ಜಿಯ ಮರಿಮಗ ಪೂಜೆ ಮಾಡುತ್ತಾನೆ. ಇದು ಸೋಲು ಹೇಗಾಗುತ್ತದೆ?

ದತ್ತುವಿಗೆ ಬೇರೆ ದಾರಿಯಿಲ್ಲ. ಹೋದ ಶ್ರಾವಣದಲ್ಲಿ ಅವನು ಹಳಿಯ ಮೇಲೆ ಮಲಗಿದ್ದ. ಗ್ಯಾಂಗ್‌ಮನ್ ಒಬ್ಬರು ನೋಡಿ ಎಳೆದುಕೊಂಡು ಬಂದರು. ಇದನ್ನು ನಿನಗೆ ಬರೆದಿರಲಿಲ್ಲ, ಯಾರಿಗೂ ಹೇಳಿಲ್ಲ. ನನಗೆ ಅಮ್ಮನೂ ಬೇಕು, ಮಗನೂ ಬೇಕು. ಅಮ್ಮನಿಗೆ ಮುಖ ತೋರಿಸಿದ್ದರೆ ಸಹಿ ಮಾಡಲು ಕೈ ಬರುತ್ತಿರಲಿಲ್ಲ, ಅದಕ್ಕೇ ಬರಲಿಲ್ಲ.

ಯುಗಾದಿಗೆ ಅವನನ್ನು ಕಳಿಸುತ್ತೇನೆ. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಬೇಡ.

ರೇವತಿ


ಬಾಣಸವಾಡಿ
೬ ಏಪ್ರಿಲ್ ೧೯೯೯

ಅಕ್ಕ,

ದತ್ತು ಬಂದು ತಲುಪಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಳಿಯ ವಿಷಯ ಓದಿದ ಮೇಲೆ ನಿನ್ನ ಮೇಲೂ ಸಿಟ್ಟು ಮಾಡಲು ಆಗುತ್ತಿಲ್ಲ. ಆದರೆ ನೀನು ಮಾಡಿದ್ದು ಸರಿ ಎಂದು ಹೇಳಲೂ ಆಗುತ್ತಿಲ್ಲ.

ಒಳ್ಳೆಯ ಹುಡುಗ. ಮಂತ್ರ ಹೇಳುವುದು ಆ ಅರ್ಚಕರೇ, ಇವನದು ನೀರು, ದೀಪ, ಅಲಂಕಾರ. ಮೊದಲ ಶುಕ್ರವಾರ ಬೆವರು ಸುರಿಸಿಕೊಂಡು ಹೊರಗೆ ಬಂದ. “ಚಿಕ್ಕಮ್ಮ, ಸೀರೆ ನಿಲ್ತಾನೇ ಇಲ್ಲ, ಜಾರ್ತದೆ. ಹೆಂಗ್ ಉಡ್ಸೋದು?” ಎಂದ. ನಾನು ಸರಪಳಿಯ ಈಚೆ ನಿಂತುಕೊಂಡು, ನೆರಿಗೆ ಎಲ್ಲಿ ಹಿಡಿಯಬೇಕು, ದಾರ ಎಲ್ಲಿ ಕಟ್ಟಬೇಕು ಎಂದು ಒಂದೊಂದಾಗಿ ಹೇಳಿದೆ. ನನ್ನ ಮಾತು ಒಳಗೆ ಹೋಗಬಹುದು, ನಾನು ಹೋಗುವ ಹಾಗಿಲ್ಲ. ಸಾಲಿನಲ್ಲಿದ್ದವರು ನೋಡಿ ನಕ್ಕರು. ದತ್ತು ತಲೆ ತಗ್ಗಿಸಿದ.

ಅಮ್ಮನಿಗೆ ಅವನು ರಜೆಗೆ ಬಂದಿದ್ದಾನೆ ಎಂದಿದ್ದೆ. ಆದರೆ ಅವನ ಮೈಯಿಂದ ಬರುವ ಅರಿಶಿನ ಎಣ್ಣೆಯ ವಾಸನೆ ಅವಳಿಗೆ ಗೊತ್ತಾಗದೇ ಇರುತ್ತದೆಯೇ? ಒಂದು ಸಂಜೆ ಅವನ ಕೈ ಹಿಡಿದು ಮೂಸಿ ನೋಡಿದಳು.

“ನೀನಾ ಒಳಗೆ?”

“ಹೂಂ ಅಜ್ಜಿ” ಎಂದ.

ಅಮ್ಮ ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡೆ. ಎಡಗೈಯಿಂದ ಅವನ ತಲೆ ಸವರಿದಳು.

“ಅವ್ಳಿಗೆ ಸೀರೆ ಬಿಚ್ಚಿ ಉಡ್ಸೋವಾಗ ಕಣ್ಣು ಮುಚ್ಕೊ ಮಗ. ಗಂಡುಸ್ರ ಮುಂದೆ ಅವ್ಳು ಯಾವತ್ತೂ ಹಂಗೆ ನಿಂತವಳಲ್ಲ.”

ದತ್ತು ಎದ್ದು ಹಿತ್ತಲಿಗೆ ಹೋದ. ಆಮೇಲೆ ಅವನು ಊಟಕ್ಕೆ ಬರಲಿಲ್ಲ.

ಕಾವೇರಿ


ಬಾಣಸವಾಡಿ
೧೪ ಫೆಬ್ರವರಿ ೨೦೦೦

ಅಕ್ಕನಿಗೆ ನಮಸ್ಕಾರ.

ಅಮ್ಮನ ತಿಥಿ ಮುಗಿಸಿ ನೀನು ಹೋದ ಮೇಲೆ ಬರೆದ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ನಿಲ್ಲುತ್ತಿತ್ತು. ಕೊನೆಗಾಲದಲ್ಲಿ ಅಮ್ಮ ನಿನ್ನನ್ನು ಕೇಳಿದಳೇ ಎಂದು ಬರೆದಿದ್ದೀಯ. ಕೇಳಿದಳು. ದತ್ತುವಿನ ಅಮ್ಮ ಉಂಡಳಾ ಎಂದು ಕೇಳುತ್ತಿದ್ದಳು. ನೀನು ಇಲ್ಲೇ ಅಡುಗೆಮನೆಯಲ್ಲಿದ್ದೀಯೆಂದು ಅವಳ ಎಣಿಕೆ. ಉಂಡಳು ಎನ್ನುತ್ತಿದ್ದೆ.

ಶವ ಸಾಗಿಸುವಾಗ ಗುಡಿಯ ಬಾಗಿಲು ಹಾಕಿದ್ದರಲ್ಲ, ಅದು ಎಲ್ಲರಿಗೂ ಮಾಡುವ ಪದ್ಧತಿ, ಅದಕ್ಕೆ ನನಗೆ ಬೇಸರವಿಲ್ಲ. ಆಮೇಲೆ ನಡೆದದ್ದನ್ನು ಮಾತ್ರ ನೀನು ದತ್ತುವಿನ ಬಾಯಿಂದ ಸರಿಯಾಗಿ ಕೇಳಿರಲಾರೆ. ಸೂತಕವೆಂದು ಅವನನ್ನು ಹೊರಗಿಟ್ಟರಲ್ಲ, ಸೂತಕ ಕಳೆದು ತಲೆಗೆ ನೀರು ಹಾಕಿಕೊಂಡು ಹೋದರೆ ಒಳಗೆ ಬೇರೊಬ್ಬರಿದ್ದರು. ಅರ್ಚಕರ ತಮ್ಮನಂತೆ, ಶಾಸ್ತ್ರ ಓದಿದವರಂತೆ. ದತ್ತು ಬೇಕಾದರೆ ಹೊರಗೆ ಪ್ರಸಾದ ಹಂಚಲಿ ಎಂದರು. ಅಮರಪ್ಪನವರನ್ನು ಕಂಡೆ. ಅವರೀಗ ಅಧ್ಯಕ್ಷರಲ್ಲ. “ನನ್ನ ಮಾತು ನಡ್ಯಂಗಿಲ್ರೀ ತಂಗಿ. ಕಟ್ಟಿದವ ನಾನ, ಆದ್ರ ನಂಗೂ ಗರ್ಭಗುಡಿ ಹೊಸ್ತಿಲು ದಾಟಾಕ ಬಿಡಂಗಿಲ್ಲ” ಎಂದು ಅಂಗಳದಲ್ಲೇ ಕುಸಿದು ಕೂತರು. ಅವರನ್ನು ಬೈಯಬೇಕೆಂದು ಹೋಗಿದ್ದೆ. ನೀರು ಕೊಟ್ಟು ಬಂದೆ.

ದತ್ತು ಈಗ ಇಂದಿರಾನಗರದ ಒಂದು ಕೊರಿಯರ್ ಆಫೀಸಿಗೆ ಹೋಗುತ್ತಿದ್ದಾನೆ. ನನ್ನ ಜೊತೆಯಲ್ಲೇ ಇದ್ದಾನೆ, ಹೆದರಬೇಡ. ಮೊದಲಿಗಿಂತ ಮಾತಾಡುತ್ತಾನೆ. ಗುಡಿಯ ಬೀದಿ ಬಿಟ್ಟು ಸುತ್ತಿಕೊಂಡು ಬಸ್ ಸ್ಟಾಪಿಗೆ ನಡೆಯುತ್ತಾನೆ.

ನಾನು ಹೋದ ಸೋಮವಾರ ಮತ್ತೆ ಅರ್ಜಿ ಕೊಟ್ಟೆ. ಈ ಸಲ ನನ್ನ ಹೆಸರಿನಲ್ಲಿ. ಅಜ್ಜಿ ಮಾಡಿದ ಪೂಜೆ, ಅಮ್ಮ ಮಾಡಿದ ಪೂಜೆ, ಈಗ ನಾನು ಮಾಡುತ್ತೇನೆ ಎಂದು. ಅದೇ ಗುಮಾಸ್ತರು ಇದ್ದರು.

“ನಿಮ್ಮ ತಾಯಿ ತೀರಿಕೊಂಡ್ರಲ್ಲಮ್ಮ. ಇನ್ಯಾರಿಗೆ ಇದು?”

“ನನಗೆ” ಎಂದೆ.

“ನಿಮ್ಮ ಮನೇಲಿ ಗಂಡಸ್ರು ಯಾರೂ ಇಲ್ವಾ?”

“ಇದ್ದಾರೆ. ಅವರು ಕೇಳ್ತಿಲ್ಲ, ನಾನು ಕೇಳ್ತಿದ್ದೀನಿ.”

ಅವರು ನಗಲಿಲ್ಲ, ಬೈಯಲಿಲ್ಲ. ಬಹಳ ದಿನ ಹಿಡಿಯುತ್ತದೆ, ಆಗುತ್ತದೆಂಬ ಭರವಸೆ ಕೊಡಲಾರೆ ಎಂದು ಮೊಹರು ಒತ್ತಿ ಒಳಗಿಟ್ಟರು. ಆಗುವುದಿಲ್ಲವೆಂದು ನನಗೂ ಗೊತ್ತು ಅಕ್ಕ. ಶೇಷಮ್ಮ ನನ್ನನ್ನು ಕಂಡರೆ ರಸ್ತೆ ದಾಟುತ್ತಾಳೆ. ಬ್ಲೌಸ್ ಕೊಡುವವರು ಕಡಿಮೆಯಾಗಿದ್ದಾರೆ, ನೀನು ಹೇಳಿದ ಹಾಗೆಯೇ.

ಕಮಿಟಿಯವರು ಮತ್ತೆ ನಿನ್ನ ಹತ್ತಿರ ಬರಬಹುದು. ಅಷ್ಟು ದೂರ ಬಂದವರನ್ನು ಬರಿಗೈಲಿ ಕಳಿಸಬೇಡ, ಕಾಫಿ ಕೊಡು, ಊಟಕ್ಕೂ ಹಾಕು. ಸಹಿ ಮಾತ್ರ ಹಾಕಬೇಡ.

ಕಾವೇರಿ